ಓ-ರಿಂಗ್ ಎಲ್ಲಾ ಕಪ್ಪೇ: ನೈಟ್ರೈಲ್ ಯಾವುದು, ಇಪಿಡಿಎಂ ಯಾವುದು?

ಪಾನಾ_ಪಕ್ಕಡ್:
ಡಬ್ಬಿ ತುಂಬ ಓ-ರಿಂಗ್ (ಸೋರದಂತೆ ತಡೆಯೋ ದುಂಡನೆ ರಬ್ಬರ್ ಬಳೆ) ಇದೆ, ಯಾವ ರಬ್ಬರ್ ಅಂತ ಎಲ್ಲೂ ಬರೆದಿಲ್ಲ. ಬೈಕಿನ ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ), ಡಿಸ್ಕ್ ಬ್ರೇಕ್ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ), ಸೋಲಾರ್ ಬಿಸಿನೀರಿನ ಜಾಯಿಂಟ್, ಮೂರಕ್ಕೂ ಸೈಜ್ ಇದೆ. ಅಳತೆ ಕೂತರೆ ಸಾಕಾ? ಕಾಕ್‌ಗೆ ಹಾಕಿದ್ದು ಎರಡೇ ದಿನಕ್ಕೆ ಉಬ್ಬಿ ರಿಂಗ್ ಕೂರೋ ಗ್ರೂವ್‌ನಿಂದ ಎದ್ದು ಬಂತು.

ಸೀಲ್_ಮೇಷ್ಟ್ರು:
ಉಬ್ಬಿದ್ದು ಬಹುಶಃ ಇಪಿಡಿಎಂ ಅನ್ನೋ ರಬ್ಬರ್. ಪೆಟ್ರೋಲಿನ ಜಾತಿಯೇ ಅದರದ್ದೂ, ಹೈಡ್ರೋಕಾರ್ಬನ್, ಹಾಗಾಗಿ ಕುಡಿದುಬಿಡುತ್ತೆ. ನೈಟ್ರೈಲ್‌ನಲ್ಲಿ ಅಕ್ರಿಲೋನೈಟ್ರೈಲ್ ಅನ್ನೋ ರಾಸಾಯನಿಕ ಇರೋದರಿಂದ ಪೆಟ್ರೋಲ್, ಆಯಿಲ್ ಅಷ್ಟಾಗಿ ಒಳಗೆ ಹೋಗಲ್ಲ. ಬ್ರೇಕ್ ಆಯಿಲ್ ವಿಷಯ ಪೂರ್ತಿ ಉಲ್ಟಾ. ಡಾಟ್ 3, ಡಾಟ್ 4 ಹೆಸರಿಗಷ್ಟೇ ಆಯಿಲ್, ಒಳಗಿರೋದು ಗ್ಲೈಕಾಲ್. ಅಲ್ಲಿ ಇಪಿಡಿಎಂ ಗಟ್ಟಿಯಾಗಿ ನಿಲ್ಲುತ್ತೆ, ನೈಟ್ರೈಲ್ ಮೆತ್ತಗಾಗುತ್ತೆ.

ಪತ್ತೆ ಮಾಡೋಕೆ ಒಂದು ರಿಂಗ್ ಬಲಿ ಕೊಡಿ. ಅದರ ದಪ್ಪವನ್ನ ವರ್ನಿಯರ್‌ನಲ್ಲಿ ಅಳೆದು, ತುಂಡು ಮಾಡಿ, ಮುಚ್ಚಳ ಇರೋ ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ 24 ಗಂಟೆ ನೆನೆಸಿ. ಬೆಂಕಿ ಹತ್ತಿರ ಇಡಬೇಡಿ. ತೆಗೆದ ತಕ್ಷಣ ಅಳೀರಿ, ಆರಿದರೆ ಲೆಕ್ಕ ತಪ್ಪುತ್ತೆ. 3.5 ಮಿ.ಮೀ. ಇದ್ದದ್ದು 3.7ರ ಆಸುಪಾಸಿನಲ್ಲಿದ್ದರೆ ನೈಟ್ರೈಲ್ ಅಂದುಕೊಳ್ಳಿ, 4 ದಾಟಿ ಜೆಲ್ಲಿ ಥರ ಆಗಿದ್ದರೆ ಇಪಿಡಿಎಂ. ನೆನೆಸಿದ ರಿಂಗ್ ವಾಪಸ್ ಬಳಸಬೇಡಿ. ಪೆಟ್ರೋಲ್ ರಬ್ಬರಿನೊಳಗಿನ ಮೃದುಕಾರಿ ಎಣ್ಣೆಯನ್ನೂ ಎಳೆದುಕೊಂಡಿರುತ್ತೆ; ಒಣಗಿದ ಮೇಲೆ ರಿಂಗ್ ಮೊದಲಿಗಿಂತ ಸಣ್ಣ, ಗಟ್ಟಿ. ಟ್ಯಾಂಕ್ ಖಾಲಿ ಮಾಡಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಕಾಕ್ ಆಮೇಲೆ ತೊಟ್ಟಿಕ್ಕೋದೂ ಇದಕ್ಕೇ.

ಕಾಕ್‌ಗೆ ನೈಟ್ರೈಲ್ ನಡೆಯುತ್ತೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ವೈಟಾನ್ (ಫ್ಲೋರಿನ್ ಇರೋ ರಬ್ಬರ್) ಇನ್ನೂ ಒಳ್ಳೇದು, ದುಡ್ಡು ಮಾತ್ರ ಜಾಸ್ತಿ.

ಕಾಂಪೌಂಡ್_ಮಿಕ್ಸರ್:
ಸುಟ್ಟು ವಾಸನೆ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಡಬ್ಬಿಯಲ್ಲಿ ಒಂದು ವೈಟಾನ್ ಸೇರಿದ್ದರೂ ಸಾಕು, ಹೈಡ್ರೋಜನ್ ಫ್ಲೋರೈಡ್ ಬರುತ್ತೆ, ಶ್ವಾಸಕೋಶ ಸುಡುವ ವಿಷ. ವೈಟಾನ್ ಕೈಯಲ್ಲೇ ಗೊತ್ತಾಗುತ್ತೆ, ಅದೇ ಸೈಜಿನ ನೈಟ್ರೈಲ್‌ಗಿಂತ ಸುಮಾರು ಒಂದೂವರೆ ಪಟ್ಟು ತೂಕ. ಕಂದು ಬಣ್ಣ ಅಂದರೆ ವೈಟಾನ್ ಅನ್ನೋದು ರೂಢಿ ಅಷ್ಟೇ, ಬಣ್ಣ ಯಾವುದಕ್ಕೆ ಬೇಕಾದರೂ ಬೆರೆಸಬಹುದು.

ಇನ್ನು ಕ್ಯಾಲಿಪರ್‌ಗೆ ಓ-ರಿಂಗ್ ಹಾಕಲೇಬೇಡಿ, ಯಾವ ರಬ್ಬರ್ ಆದರೂ ಸರಿ. ಅಲ್ಲಿರೋದು ಚೌಕ ಕಟ್ಟಿನ ಸೀಲ್. ಬ್ರೇಕ್ ಹಿಡಿದಾಗ ಪಿಸ್ಟನ್ ಜೊತೆ ಅದು ವಾಲುತ್ತೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನ ಒಂದು ಕೂದಲಿನಷ್ಟು ಹಿಂದಕ್ಕೆ ಎಳೆಯುತ್ತೆ. ದುಂಡನೆ ರಿಂಗ್ ಆ ಕೆಲಸ ಮಾಡಲ್ಲ, ಪ್ಯಾಡ್ ಉಜ್ಜುತ್ತಾ ಡಿಸ್ಕ್ ಕಾಯುತ್ತೆ. ಕಂಪನಿ ಕಿಟ್ಟೇ ತನ್ನಿ.

ಪಾನಾ_ಪಕ್ಕಡ್:
ಸರಿ ಸರ್, ಕಿಟ್ಟೇ ತರ್ತೀನಿ. ಹಾಕೋ ಮುಂಚೆ ಪಿಸ್ಟನ್ ಪೆಟ್ರೋಲ್‌ನಲ್ಲಿ ತೊಳೆದು ಗ್ರೀಸ್ ಸವರಬಹುದಾ? ಸೋಲಾರ್‌ಗೆ ಯಾವುದು?

ಸೀಲ್_ಮೇಷ್ಟ್ರು:
ಎರಡೂ ಬೇಡ. ಪೆಟ್ರೋಲ್, ಮಾಮೂಲಿ ಗ್ರೀಸ್, ವ್ಯಾಸಲೀನ್, ಮೂರೂ ಇಪಿಡಿಎಂ ಸೀಲನ್ನ ಉಬ್ಬಿಸುತ್ತವೆ, ಪಿಸ್ಟನ್ ಕಚ್ಚಿಕೊಳ್ಳುತ್ತೆ. ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಪೂರ್ತಿ ಆರಿಸಿ, ಹೊಸ ಬಾಟಲಿಯ ಬ್ರೇಕ್ ಆಯಿಲನ್ನೇ ಸವರಿ ಕೂರಿಸಿ.

ಸೋಲಾರ್ ಪೈಪ್ ಜಾಯಿಂಟ್‌ಗೆ ಇಪಿಡಿಎಂ, ಬಿಸಿನೀರು ಬಿಸಿಲು ಎರಡೂ ತಡೆಯುತ್ತೆ. ಗಾಜಿನ ಟ್ಯೂಬ್ ಟ್ಯಾಂಕಿಗೆ ಸೇರೋ ಕಡೆ ಇರೋದು ಸಿಲಿಕಾನ್ ರಿಂಗ್. ಅದಕ್ಕೆ ಸೋಪಿನ ನೀರು ಸವರಿ ಟ್ಯೂಬನ್ನ ತಿರುಗಿಸ್ತಾ ತಳ್ಳಿ. ಸಿಲಿಕಾನ್ ಒಂದು ಸಣ್ಣ ಗೀರು ಬಿದ್ದರೂ ಪರ್ರನೆ ಹರಿಯುತ್ತೆ, ಸ್ಕ್ರೂಡ್ರೈವರ್ ತಾಗಿಸಬೇಡಿ.

ಸೋರಿದರೆ ಇನ್ನೂ ಬಿಗಿ ಮಾಡೋದಕ್ಕಿಂತ ಗ್ರೂವ್ ಅಳೀರಿ. ಅಲುಗಾಡದ ಜಾಯಿಂಟ್‌ನಲ್ಲಿ ರಿಂಗ್ ಶೇ. 15ರಿಂದ 25 ಅದುಮಿರಬೇಕು. 3.5 ಮಿ.ಮೀ. ರಿಂಗಿಗೆ 2.8 ಆಳ ಅಂದರೆ ಶೇ. 20, ಸರಿ. ಆಳ 3.3 ಇದ್ದರೆ ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ. ಹಳೇ ರಿಂಗ್ ಒಂದು ಕಡೆ ಚಪ್ಪಟೆಯಾಗಿ ಹಾಗೇ ಉಳಿದಿದ್ದರೆ ಅದರ ಆಯಸ್ಸು ಮುಗೀತು, ತಿರುಗಿಸಿ ಹಾಕಬೇಡಿ.

ಕಾಂಪೌಂಡ್_ಮಿಕ್ಸರ್:
ಉಳಿದದ್ದನ್ನ ಮೊಳೆಗೆ ನೇತುಹಾಕಬೇಡಿ. ನೈಟ್ರೈಲ್ ಎಳೆದ ಸ್ಥಿತಿಯಲ್ಲಿದ್ದರೆ ಓಝೋನ್‌ಗೆ ಅಡ್ಡಡ್ಡ ಬಿರುಕು ಬಿಡುತ್ತೆ, ವೆಲ್ಡಿಂಗ್ ಪಕ್ಕದಲ್ಲಿದ್ದರೆ ಇನ್ನೂ ಬೇಗ. ಜಿಪ್ ಕವರ್‌ಗೆ ಹಾಕಿ, ಮೇಲೆ ಹೆಸರು ಬರೆದು, ಕತ್ತಲೆ ಡ್ರಾಯರ್‌ನಲ್ಲಿಡಿ.