ಕಾರು ಮೆಲ್ಲಗೆ ಹೋದಷ್ಟೂ ವೇಗ ಜಾಸ್ತಿ ತೋರಿಸುತ್ತಿದೆ (ಊನೊ, ಟೈಮರ್ 1, ಎರಡು ಐಆರ್ ಸೆನ್ಸರ್)

ಪ್ರಶ್ನೆ:
ನಮಸ್ಕಾರ. ಮಗಳ ವಿಜ್ಞಾನ ಪ್ರದರ್ಶನಕ್ಕೆ ಆಟಿಕೆ ಕಾರಿನ ವೇಗ ಅಳೆಯುವ ಸಾಧನ ಮಾಡ್ತಾ ಇದ್ದೇವೆ. ಹಲಗೆಯನ್ನು ಇಳಿಜಾರಾಗಿ ಇಟ್ಟು, ಕೆಳಗಡೆ 10 ಸೆಂ.ಮೀ. ಅಂತರದಲ್ಲಿ ಎರಡು ಐಆರ್ (ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್ ಕೂರಿಸಿದ್ದೇನೆ. ಬೋರ್ಡು ಆರ್ಡುಯಿನೊ ಊನೊ (ಪ್ರೋಗ್ರಾಂ ಬರೆದು ಹಾಕುವ ಸಣ್ಣ ಬೋರ್ಡು), ಸೆನ್ಸರ್‌ಗಳು ಪಿನ್ 2 ಮತ್ತು 3ಕ್ಕೆ, ಎರಡಕ್ಕೂ ಇಂಟರಪ್ಟ್ (ಸೂಚನೆ ಬಂದ ತಕ್ಷಣ ಬೇರೆ ಕೆಲಸ ನಿಲ್ಲಿಸಿ ಗಮನಿಸುವ ಏರ್ಪಾಡು). ಮೊದಲನೆಯದನ್ನು ದಾಟಿದಾಗ ಟೈಮರ್ 1 (ಬೋರ್ಡಿನೊಳಗಿನ ಸಮಯ ಎಣಿಸುವ ಭಾಗ) ಸೊನ್ನೆ ಮಾಡುತ್ತೇನೆ, ಎರಡನೆಯದನ್ನು ದಾಟಿದಾಗ ಎಣಿಕೆ ಓದಿಕೊಳ್ಳುತ್ತೇನೆ. ಪ್ರಿಸ್ಕೇಲರ್ (ಗಡಿಯಾರದ ಎಷ್ಟು ಮಿಡಿತಕ್ಕೆ ಒಂದು ಎಣಿಕೆ ಅನ್ನೋದು) 8.
ಇಳಿಜಾರಿನಲ್ಲಿ ಬಿಟ್ಟರೆ ಸೆಕೆಂಡಿಗೆ 5.62 ಮೀಟರ್ ಅನ್ನುತ್ತದೆ. ಕಣ್ಣಿಗೆ ಅಷ್ಟು ವೇಗ ಕಾಣೋದೇ ಇಲ್ಲ. ಕೈಯಲ್ಲಿ ಮೆಲ್ಲಗೆ ತಳ್ಳಿದರೆ 29.48! ಸೆನ್ಸರ್ ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಅದೇ ಕಥೆ. ಶನಿವಾರ ಪ್ರದರ್ಶನ ಇದೆ, ದಯವಿಟ್ಟು ಸಹಾಯ ಮಾಡಿ.

ಉತ್ತರ 1:
ಕಿಟಕಿ ಪಕ್ಕ ಇಟ್ಟಿದ್ದೀರಾ? ಬಿಸಿಲು ಬಿದ್ದರೆ ಐಆರ್ ಸೆನ್ಸರ್ ಸುಮ್ ಸುಮ್ನೆ ಟ್ರಿಗರ್ ಆಗುತ್ತೆ.

ಪ್ರಶ್ನೆ ಕೇಳಿದವರು:
ಇಲ್ಲ ಸರ್, ರಾತ್ರಿ ಹೊತ್ತು ಕೋಣೆಯೊಳಗೆ ನೋಡಿದ್ದು. ಸೆನ್ಸರ್ ಮಾಡ್ಯೂಲಿನ ಸಣ್ಣ ದೀಪ ಒಂದೊಂದೇ ಸಲ ಮಿನುಗುತ್ತದೆ.

ಉತ್ತರ 2:
ಒಂದು ವಿಷಯ ಹೇಳಿ. 3ಕ್ಕಿಂತ ಕಡಿಮೆ ವೇಗ ಯಾವತ್ತಾದರೂ ಬಂದಿದೆಯಾ?

ಪ್ರಶ್ನೆ ಕೇಳಿದವರು:
ಮಗಳು 40 ಸಲ ಬರೆದಿಟ್ಟಿದ್ದಾಳೆ, ಈಗ ನೋಡಿದೆ. ಎಲ್ಲಕ್ಕಿಂತ ಕಡಿಮೆ 3.11. ನಿಮಗೆ ಹೇಗೆ ಗೊತ್ತಾಯ್ತು?

ಉತ್ತರ 2:
ಹಾಗಾದರೆ ಸೆನ್ಸರ್ ಸರಿಯಾಗೇ ಇದೆ. ಟೈಮರ್ 1 ಹದಿನಾರು ಬಿಟ್ಟಿನದು, 65535 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು, ಸ್ಕೂಟರಿನ ಟ್ರಿಪ್ ಮೀಟರ್ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತಲ್ಲ, ಹಾಗೆ. ಊನೊದಲ್ಲಿ ಗಡಿಯಾರ 16 ಮೆಗಾಹರ್ಟ್ಸ್. ಪ್ರಿಸ್ಕೇಲರ್ 8 ಅಂದರೆ ಒಂದು ಎಣಿಕೆಗೆ ಅರ್ಧ ಮೈಕ್ರೊಸೆಕೆಂಡ್, ಒಂದು ಸುತ್ತಿಗೆ 32.768 ಮಿಲಿಸೆಕೆಂಡ್. ಅಷ್ಟರಲ್ಲಿ 10 ಸೆಂ.ಮೀ. ದಾಟಬೇಕಾದರೆ ವೇಗ 3.05 ಇರಬೇಕು. ಅದಕ್ಕಿಂತ ನಿಧಾನ ಆದರೆ ಟೈಮರ್ ಸುತ್ತು ಹಾಕಿರುತ್ತೆ, ನೀವು ಓದೋದು ಕೊನೆಯ ಸುತ್ತಿನ ಚೂರನ್ನು ಮಾತ್ರ.
ನಿಮ್ಮ 5.62 ತಗೊಳ್ಳಿ. ಅದು 17.8 ಮಿಲಿಸೆಕೆಂಡ್. ಒಂದು ಸುತ್ತು ಸೇರಿಸಿದರೆ ವೇಗ 1.98, ಎರಡು ಸೇರಿಸಿದರೆ 1.20. ಕಾರನ್ನು ಎಷ್ಟು ಎತ್ತರದಿಂದ ಬಿಟ್ಟಿರಿ?

ಪ್ರಶ್ನೆ ಕೇಳಿದವರು:
ಸೆನ್ಸರ್‌ಗಿಂತ ಸರಿಯಾಗಿ 10 ಸೆಂ.ಮೀ. ಮೇಲಿಂದ.

ಉತ್ತರ 2:
ಅಷ್ಟು ಎತ್ತರದಿಂದ, ಘರ್ಷಣೆಯೇ ಇಲ್ಲ ಅಂದುಕೊಂಡರೂ 1.40 ದಾಟಲ್ಲ. ಹಾಗಾಗಿ 1.98 ಆಗೋದೇ ಇಲ್ಲ, 1.20 ಇರಬಹುದು. ಪ್ರಿಸ್ಕೇಲರ್ 256 ಮಾಡಿ. ಒಂದು ಎಣಿಕೆಗೆ 16 ಮೈಕ್ರೊಸೆಕೆಂಡ್, ಸುತ್ತಿಗೆ 1.048 ಸೆಕೆಂಡ್, ನಿಮ್ಮ ಕಾರಿಗೆ ಧಾರಾಳವಾಗಿ ಸಾಕು. 6250ನ್ನು ಎಣಿಕೆಯಿಂದ ಭಾಗಿಸಿದರೆ ವೇಗ. ಮಕ್ಕಳು ಕಾರನ್ನು ತೀರಾ ನಿಧಾನಕ್ಕೆ ತಳ್ಳಿಯೇ ತಳ್ಳುತ್ತಾರೆ, ಆಗ ಇದೂ ಸುತ್ತು ಹಾಕುತ್ತೆ. ಆದ್ದರಿಂದ ಓವರ್‌ಫ್ಲೋ ಇಂಟರಪ್ಟ್ (ಟೈಮರ್ ಸುತ್ತು ಮುಗಿಸಿದಾಗ ಬರುವ ಸೂಚನೆ) ಹಾಕಿ, ಅದು ಬಂದರೆ ಅಂಕಿಯ ಬದಲು ‘ತುಂಬಾ ನಿಧಾನ’ ಅಂತ ತೋರಿಸಿ.

ಪ್ರಶ್ನೆ ಕೇಳಿದವರು:
ಮಾಡಿದೆ. ಎಣಿಕೆ 5208 ಬರ್ತಿದೆ, ಆದರೆ ವೇಗ ಬರೀ 1 ಅಂತ ತೋರಿಸುತ್ತೆ.

ಉತ್ತರ 1:
6250 ಅಂತ ಬರೆದರೆ ಪೂರ್ಣಾಂಕದ ಭಾಗಾಕಾರ ಆಗಿ ದಶಾಂಶ ಹೋಗಿಬಿಡುತ್ತೆ. 6250.0 ಅಂತ ಬರೆಯಿರಿ.

ಉತ್ತರ 2:
ಇನ್ನೊಂದು ಮಾತು. 10 ಸೆಂ.ಮೀ. ಅನ್ನೋದನ್ನು ಸೆನ್ಸರಿನಿಂದ ಸೆನ್ಸರಿಗೆ ಸ್ಕೇಲಿಟ್ಟು ಅಳೆದಿರಿ ಅಲ್ವಾ? ಟ್ರಿಗರ್ ಆಗುವ ಜಾಗ ಅದೇ ಆಗಿರಲ್ಲ, ಮಾಡ್ಯೂಲಿನ ತಿರುಪು ಎಷ್ಟು ತಿರುಗಿಸಿದ್ದೀರಿ ಅನ್ನೋದರ ಮೇಲೆ ಹಿಂದೆಮುಂದೆ ಆಗುತ್ತೆ. ಕಾರನ್ನು ಕೂದಲೆಳೆಯಷ್ಟೇ ಮುಂದಕ್ಕೆ ಸರಿಸುತ್ತಾ ಹೋಗಿ, ದೀಪ ಹತ್ತಿದ ತಕ್ಷಣ ಮೂತಿಯ ನೇರಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಎರಡೂ ಕಡೆ ಹೀಗೇ ಮಾಡಿ ಗೆರೆಯಿಂದ ಗೆರೆಗೆ ಅಳೆಯಿರಿ. 2 ಮಿ.ಮೀ. ತಪ್ಪಿದರೆ ವೇಗ ನೂರಕ್ಕೆ 2ರಷ್ಟು ತಪ್ಪುತ್ತೆ. ಅದರ ಮುಂದೆ ಟೈಮರಿನ 16 ಮೈಕ್ರೊಸೆಕೆಂಡ್ ಲೆಕ್ಕಕ್ಕೇ ಇಲ್ಲ.

ಪ್ರಶ್ನೆ ಕೇಳಿದವರು:
ಗೆರೆ ಎಳೆದು ನೋಡಿದೆವು, 97 ಮಿ.ಮೀ. ಇತ್ತು! ಅದನ್ನೇ ಹಾಕಿದ ಮೇಲೆ 1.16 ಬರ್ತಿದೆ, ಐದು ಸಲ ಬಿಟ್ಟರೂ 1.15ರಿಂದ 1.17ರ ಒಳಗೇ. ಗೆರೆ ಎಳೆದಿದ್ದು ಮಗಳು. ಹಳೆಯ 40 ಅಂಕಿಗಳನ್ನು ಹೊಡೆದು ಹಾಕದೆ, ಪಕ್ಕದಲ್ಲಿ ಹೊಸ ಕಾಲಂ ಎಳೆದು ಎಷ್ಟು ಸುತ್ತು ಆಗಿತ್ತು ಅಂತ ಲೆಕ್ಕ ಹಾಕ್ತಾ ಕೂತಿದ್ದಾಳೆ. ಇಬ್ಬರಿಗೂ ತುಂಬಾ ಧನ್ಯವಾದ.