ಸಹಾಯ ಬೇಕು: ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಟ್‌ನಿಪ್ ಸಸಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಬೆಕ್ಕುಗಳು ವಾಸನೆಗೆ ಮರುಳಾಗುವ ಕ್ಯಾಟ್‌ನಿಪ್ ಗಿಡದ ಸಸಿ ಇಲ್ಲವೇ ಬೀಜ ಸಿಗುವ ನರ್ಸರಿ ಯಾರಿಗಾದರೂ ಗೊತ್ತಿದೆಯಾ? ಕೇಳಿದ ಕಡೆಯೆಲ್ಲ ಪುದೀನ ತೋರಿಸುತ್ತಾರೆ. ಅದೇ ಕುಟುಂಬದ ಗಿಡ ನಿಜ, ಆದರೆ ನನಗೆ ಬೇಕಾಗಿರುವುದು ನೆಪೆಟಾ ಕಟಾರಿಯಾ (ಕ್ಯಾಟ್‌ನಿಪ್‌ನ ವೈಜ್ಞಾನಿಕ ಹೆಸರು).

ನಮ್ಮದು ವಿದ್ಯಾನಗರದಲ್ಲಿ ಮೂರನೇ ಮಹಡಿಯ ಮನೆ. ಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ದಿನವಿಡೀ ಮಂಕಾಗಿ ಮಲಗಿರುತ್ತದೆ, ನೋಡಿದರೆ ಕರುಳು ಚುರ್ ಅನ್ನುತ್ತದೆ. ಕ್ಯಾಟ್‌ನಿಪ್ ಎಲೆಯಲ್ಲಿ ನೆಪೆಟಲ್ಯಾಕ್ಟೋನ್ ಅಂತ ಒಂದು ಅಂಶ ಇದೆ. ಅದರ ವಾಸನೆ ಹಿಡಿದ ಬೆಕ್ಕು ಮುಖ ಉಜ್ಜುತ್ತದೆ, ಹೊರಳಾಡುತ್ತದೆ, 10-15 ನಿಮಿಷ ಖುಷಿಯಾಗಿ ಆಡುತ್ತದೆ. ಎಲ್ಲ ಬೆಕ್ಕಿಗೂ ಹೀಗಾಗಲ್ಲ, ಅದು ವಂಶದಿಂದ ಬರುವ ಗುಣ. ಸಣ್ಣ ಮರಿಗಳಿಗೂ ಆಗಲ್ಲ. ನಮ್ಮದಕ್ಕೆ 2 ವರ್ಷ, ಹಾಗಾಗಿ ಆಸೆ ಇದೆ.

ಒಣಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಳೆಯದಾದರೆ ವಾಸನೆಯೇ ಇರಲ್ಲ, ಅದಕ್ಕೇ ಹಸಿ ಗಿಡ ಬೇಕು. ಕುಂಡದಲ್ಲಿ ಬೆಳೆಸಿದವರಿದ್ದರೆ, ನಮ್ಮ ಏಪ್ರಿಲ್ ಬಿಸಿಲಿಗೆ ತಾಳುತ್ತದೆಯಾ ಹೇಳಿ.

ಇನ್ನೊಂದು ವಿಷಯ. ಹೊಲದ ಬದುವಿನಲ್ಲಿ ಬೆಳೆಯುವ ಕುಪ್ಪಿಗಿಡದ ಬೇರಿಗೂ ಬೆಕ್ಕು ಮರುಳಾಗುತ್ತದೆ ಅಲ್ವಾ? ಕೊಟ್ಟು ನೋಡಿದವರು ಇದ್ದೀರಾ? ವಾಂತಿ ಏನಾದರೂ ಆಯಿತಾ? ತಿಳಿಯದೆ ಕೊಡಲು ಮನಸ್ಸಿಲ್ಲ.

ಧಾರವಾಡದಲ್ಲಿದ್ದರೂ ನಾನೇ ಬಂದು ಒಯ್ಯುತ್ತೇನೆ. ಒಂದು ಕೊಂಬೆ ಕೊಟ್ಟರೂ ಸಾಕು, ನೆಟ್ಟು ಚಿಗುರಿಸುತ್ತೇನೆ.