ಯಾವ ಸರ್ಫೇಸ್‌ಗೆ ಯಾವ ಫಿಲ್ಮು, ಯಾವ ಲೇಬಲ್ಲು? ಅನುಭವ ಇರೋರು ದಯವಿಟ್ಟು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ದು ಚಿಕ್ಕ ವರ್ಕ್‌ಶಾಪ್, ಸ್ಟೀಲ್ ಪ್ಯಾನಲ್ಲು, ಪೌಡರ್ ಕೋಟಿಂಗ್ (ಪುಡಿ ಪೇಂಟ್ ಹಾಕಿ ಓವನ್ನಲ್ಲಿ ಬೇಯಿಸೋದು) ಮಾಡಿದ ಬಾಕ್ಸು, ಜೊತೆಗೆ ಸ್ವಲ್ಪ ಅಕ್ರಿಲಿಕ್ ಶೀಟಿನ ಕೆಲ್ಸ. ಸಾಗಿಸುವಾಗ ಗೀರು ಬೀಳಬಾರ್ದು ಅಂತ ಎಲ್ಲಕ್ಕೂ ಒಂದೇ ರೋಲ್ ಪ್ರೊಟೆಕ್ಷನ್ ಫಿಲ್ಮ್ ಹಾಕ್ತಿದ್ವಿ. ಮಿರರ್ ಫಿನಿಶ್ ಸ್ಟೀಲ್ ಮೇಲಿಂದ ಕಿತ್ರೆ ಗಮ್ ಉಳ್ಕೊಳ್ತು, ಅದೇ ಫಿಲ್ಮು ತರಿತರಿ ಪೌಡರ್ ಕೋಟಿಂಗ್ ಮೇಲೆ ನಿಲ್ಲದೆ ದಾರೀಲೇ ಬಿಚ್ಕೊಂಡು ಹಾರಾಡ್ತಿತ್ತು. ಇನ್ನು ಬಿಡಿಭಾಗ ಹಾಕಿಡೋ ಪ್ಲಾಸ್ಟಿಕ್ ಡಬ್ಬಗಳ ಲೇಬಲ್ಲಂತೂ ಎರಡೇ ದಿನಕ್ಕೆ ಅಂಚು ಎದ್ದು ಉದುರಿ ಹೋಗ್ತಿವೆ, ಯಾವ ಡಬ್ಬದಲ್ಲಿ ಯಾವ ಸ್ಕ್ರೂ ಅಂತ ತೆಗೆದು ನೋಡೋದೇ ಕೆಲ್ಸ ಆಗಿದೆ. ಇನ್ನೂ ಸ್ಟ್ರಾಂಗ್ ಗಮ್ ಇರೋದು ತಗೊಂಡ್ರೆ ಸರಿಹೋಗುತ್ತಾ?

ಶೀಟ್ ಮೆಟಲ್ ಕೆಲ್ಸದವರು:

ಅಣ್ಣಾ, ಸ್ಟ್ರಾಂಗ್ ಗಮ್ ಅನ್ನೋ ಮಾತನ್ನ ಮೊದ್ಲು ತಲೆಯಿಂದ ತೆಗೀರಿ. ನಿಮ್ಮ ಮೊದಲ್ನೇ ತೊಂದ್ರೆ ಗಮ್ ಜಾಸ್ತಿ ಆಗಿ ಬಂದಿದ್ದು, ಎರಡನೇದು ಅದೇ ಗಮ್ ಸಾಲದೆ ಬಂದಿದ್ದು. ಒಂದೇ ರೋಲ್ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಮ್ಮಿ ಆಯ್ತು ಅಂದ್ರೆ ವಿಷ್ಯ ಇರೋದು ಸರ್ಫೇಸ್‌ನಲ್ಲಿ.

ಹೇಗೆ ಅಂದ್ರೆ, ಮಿರರ್ ಫಿನಿಶ್ ಕನ್ನಡಿ ಥರ ನುಣ್ಣಗಿರೋದ್ರಿಂದ ಗಮ್ಮು ಹೆಚ್ಚುಕಮ್ಮಿ ಪೂರ್ತಿ ಅದಕ್ಕೆ ತಾಗುತ್ತೆ, ಅದಕ್ಕೇ ಅಲ್ಲಿಗೆ ತುಂಬ ಕಮ್ಮಿ ಜಿಗುಟಿರೋ ಫಿಲ್ಮೇ ಸಾಕು. ತರಿತರಿ ಇರೋ ಕಡೆ ಗಮ್ಮು ಉಬ್ಬಿರೋ ತುದಿಗಳಿಗಷ್ಟೇ ತಾಗಿ ಮಧ್ಯದ ತಗ್ಗೆಲ್ಲ ಖಾಲಿ ಇರುತ್ತೆ, ಹಾಗಾಗಿ ಅಲ್ಲಿ ಗಮ್ಮಿನ ಪದರ ದಪ್ಪ ಇರ್ಬೇಕು, ಮೆತ್ತಗಿರ್ಬೇಕು, ತಗ್ಗಿಗೆ ಇಳಿದು ಕೂತ್ಕೊಳ್ಳೋ ಥರ. ನುಣುಪು ಜಾಸ್ತಿ ಆದಷ್ಟೂ ಗಮ್ ಕಮ್ಮಿ, ಒರಟು ಜಾಸ್ತಿ ಆದಷ್ಟೂ ಗಮ್ ಜಾಸ್ತಿ, ಇಷ್ಟು ನೆನಪಿಟ್ಕೊಂಡ್ರೆ ಅರ್ಧ ಕೆಲ್ಸ ಆಯ್ತು. ನಾನಿದನ್ನ ಕಲ್ತಿದ್ದು ಒಂದು ಇಡೀ ಆರ್ಡರ್‌ನ ಶೀಟುಗಳನ್ನ ಮತ್ತೆ ಪಾಲಿಶ್ ಮಾಡ್ಸಿದ ಮೇಲೆ, ನಿಮಗೆ ಆ ಖರ್ಚು ಬೇಡ.

ಫಿಲ್ಮು ಸಾಮಾನ್ಯವಾಗಿ ಪಾಲಿಥೀನ್‌ದೇ ಆಗಿರುತ್ತೆ, ದಪ್ಪ 30 ಮೈಕ್ರಾನ್‌ನಿಂದ 100 ಮೈಕ್ರಾನ್‌ವರೆಗೆ ಸಿಗುತ್ತೆ. ಇಲ್ಲೊಂದು ಗೊಂದಲ ತುಂಬ ಜನಕ್ಕಿದೆ, ದಪ್ಪ ಫಿಲ್ಮ್ ಅಂದ್ರೆ ಜಾಸ್ತಿ ಗಮ್ ಅಲ್ಲ. ದಪ್ಪ ಇರೋದು ಗೀರು ತಡೆಯೋಕೆ, ಗಮ್ಮಿನ ಲೆಕ್ಕ ಬೇರೆ. ರೋಲ್ ತಗೊಳ್ಳೋವಾಗ ಎರಡನ್ನೂ ಬೇರೆ ಬೇರೆಯಾಗಿ ಕೇಳಿ, ಅದ್ರ ಜೊತೆ ಗಮ್ ರಬ್ಬರ್‌ದಾ ಅಕ್ರಿಲಿಕ್‌ದಾ ಅಂತಾನೂ ಕೇಳಿ. ರಬ್ಬರ್ ಗಮ್ ಹಚ್ಚಿದ ತಕ್ಷಣ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ ಆದ್ರೆ ಬಿಸಿಲು, ಶಾಖ ಅದಕ್ಕಾಗಲ್ಲ. ಅಕ್ರಿಲಿಕ್ ಗಮ್ ನಿಧಾನ, ಪೂರ್ತಿ ಹಿಡಿತ ಬರೋಕೆ ಒಂದು ದಿನ, ಕೆಲವು ಸಲ ಮೂರು ದಿನ ಬೇಕಾಗುತ್ತೆ, ಆದ್ರೆ ಬಿಸಿಲಿಗೆ ಚೆನ್ನಾಗಿ ತಡ್ಕೊಳ್ಳುತ್ತೆ. ಹಚ್ಚಿದ ಹತ್ತು ನಿಮಿಷಕ್ಕೇ ಕಿತ್ತು ನೋಡಿ ಸುಲಭವಾಗಿ ಬಂತು ಅಂತ ಖುಷಿ ಪಡ್ಬೇಡಿ, ಅದೇ ಫಿಲ್ಮು ಎರಡು ತಿಂಗ್ಳು ಗೋಡೌನಲ್ಲಿ ಕೂತ್ರೆ ಬೇರೆ ಕಥೆನೇ ಹೇಳುತ್ತೆ.

ಬಿಸಿಲು ಅಂದ್ನಲ್ಲ, ಪ್ಯಾನಲ್ಲು ಹೊರಗಡೆ ಇಡೋ ಹಾಗಿದ್ರೆ ಸಾದಾ ಪಾರದರ್ಶಕ ಫಿಲ್ಮ್ ಬೇಡ್ವೇ ಬೇಡ. ಬಿಸಿಲಿನ ನೇರಳಾತೀತ ಕಿರಣಕ್ಕೆ ಫಿಲ್ಮು ಪುಡಿಪುಡಿ ಆಗುತ್ತೆ, ಗಮ್ಮು ಸ್ಟೀಲಿಗೆ ಬೆಂದು ಹತ್ಕೊಳ್ಳುತ್ತೆ, ಆಮೇಲೆ ಕೀಳೋಕೆ ಹೋದ್ರೆ ಉಗುರಗಲದ ಚೂರುಗಳಾಗಿ ಬರುತ್ತೆ. ಹೊರಗಡೆ ಕೆಲ್ಸಕ್ಕೆ ಮೇಲೆ ಬಿಳಿ ಒಳಗೆ ಕಪ್ಪು ಇರೋ ಫಿಲ್ಮ್ ಬರುತ್ತೆ, ಕಪ್ಪು ಪದರ ಬೆಳಕನ್ನ ಗಮ್ಮಿನ ತನಕ ಬಿಡಲ್ಲ, ಬಿಳಿ ಪದರ ಶಾಖನ ವಾಪಸ್ ಕಳಿಸುತ್ತೆ. ಆದ್ರೂ ಎಷ್ಟು ತಿಂಗ್ಳು ತಡೆಯುತ್ತೆ ಅನ್ನೋದನ್ನ ಬರವಣಿಗೇಲೇ ಕೇಳಿ ಪಡ್ಕೊಳ್ಳಿ.

ಪೌಡರ್ ಕೋಟಿಂಗ್ ಬಗ್ಗೆ ಇನ್ನೊಂದು ಮಾತು. ಓವನ್‌ನಿಂದ ಬಂದ ಬಾಕ್ಸಿಗೆ ಬಿಸಿ ಬಿಸಿ ಇರೋವಾಗ್ಲೇ ಫಿಲ್ಮ್ ಹಾಕ್ತಾರಲ್ಲ, ಹಾಗೆ ಮಾಡ್ಬೇಡಿ, ಪೂರ್ತಿ ಆರ್ಲಿ. ಬಿಸೀಲಿ ಗಮ್ಮು ಮೆತ್ತಗಾಗಿ ಬೇಕಾದ್ದಕ್ಕಿಂತ ಒಳಗಿಳಿಯುತ್ತೆ. ದ್ರವದ ಪೇಂಟ್ ಆದ್ರಂತೂ ಇನ್ನೂ ಹುಷಾರು, ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಥಿನ್ನರ್ ಉಳ್ದಿರುತ್ತೆ, ಅದ್ರ ಮೇಲೆ ಫಿಲ್ಮ್ ಮುಚ್ಚಿದ್ರೆ ಅದು ಹೊರಗೆ ಹೋಗೋಕೆ ದಾರಿ ಇಲ್ದೆ ಪೇಂಟ್ ಮೇಲೆ ಮಂಕು ನೆರಳು ಉಳಿಯುತ್ತೆ. ಆ ನೆರಳು ಗಮ್ ಅಲ್ಲ, ಎಷ್ಟು ಒರೆಸಿದ್ರೂ ಹೋಗಲ್ಲ.

ಹಚ್ಚೋ ರೀತಿನೂ ಮುಖ್ಯ. ಫಿಲ್ಮನ್ನ ಎಳೆದು ಎಳೆದು ಹಚ್ಚಿದ್ರೆ ಅದು ಮತ್ತೆ ತನ್ನ ಅಳತೆಗೆ ಕುಗ್ಗೋಕೆ ನೋಡುತ್ತೆ, ಅಂಚು ಏಳೋದು ಎಷ್ಟೋ ಸಲ ಇದ್ರಿಂದಾನೇ. ಸಡಿಲವಾಗಿ ಬಿಡ್ತಾ ರಬ್ಬರ್ ರೋಲರ್‌ನಿಂದ ಒತ್ತಿ, ಈ ಥರ ಗಮ್ಮು ಕೂತ್ಕೊಳ್ಳೋದೇ ಒತ್ತಡಕ್ಕೆ. ಲೇಸರ್ ಕಟಿಂಗ್‌ಗೆ ಕಳ್ಸೋ ಶೀಟಾದ್ರೆ ಲೇಸರ್ ಫಿಲ್ಮೇ ಬೇಕು, ಅದ್ರಲ್ಲೂ ಫೈಬರ್ ಲೇಸರ್‌ದೇ ಬೇರೆ ಸಿಒ2 ಲೇಸರ್‌ದೇ ಬೇರೆ. ಸಿಒ2 ಲೇಸರಿನ ತರಂಗ 10.6 ಮೈಕ್ರಾನ್, ಫೈಬರ್‌ದು ಸುಮಾರು 1 ಮೈಕ್ರಾನ್, ಒಂದಕ್ಕೆ ಮಾಡಿದ ಫಿಲ್ಮು ಇನ್ನೊಂದ್ರಲ್ಲಿ ಗುಳ್ಳೆ ಎದ್ದು ಕಟಿಂಗೇ ಕೆಡಬಹುದು. ಕತ್ತರಿಸೋರ ಹತ್ರ ಯಾವ ಮಷೀನಿದೆ ಅಂತ ಕೇಳಿಯೇ ತಗೊಳ್ಳಿ.

ಲೇಬಲ್ ಪ್ರಿಂಟಿಂಗ್ ಮಾಡೋರು:

ಮೇಲಿನವರು ಫಿಲ್ಮಿನ ಬಗ್ಗೆ ಹೇಳಿದ್ದೆಲ್ಲ ಸರಿ, ಡಬ್ಬದ ಲೇಬಲ್ ನಾನ್ ಹೇಳ್ತೀನಿ ಸರ್. ಮೊದ್ಲು ಡಬ್ಬ ತಿರುಗಿಸಿ ತಳ ನೋಡಿ, ತ್ರಿಕೋನದೊಳಗೆ ಒಂದು ನಂಬರ್ ಇರುತ್ತೆ. 2, 4, 5 ಇದ್ರೆ ನಿಮ್ಮ ತೊಂದ್ರೆಗೆ ಕಾರಣ ಅಲ್ಲೇ ಸಿಕ್ತು. 2 ಮತ್ತೆ 4 ಪಾಲಿಥೀನ್ (ಪಿಇ), 5 ಪಾಲಿಪ್ರೊಪಿಲೀನ್ (ಪಿಪಿ). ಇವು ಏನನ್ನೂ ಹತ್ರ ಸೇರಿಸ್ಕೊಳ್ಳದ ಜಾತಿ. ಮುಟ್ಟಿದ್ರೆ ಮೇಣದ ಹಾಗೆ ಇರುತ್ತಲ್ಲ, ಅದೇ. ಒಂದು ಹನಿ ನೀರು ಬಿಟ್ಟು ನೋಡಿ, ಗಾಜಿನ ಮೇಲೆ ಹರಡ್ಕೊಳ್ಳೋ ನೀರು ಇದ್ರ ಮೇಲೆ ಗುಂಡಗೆ ಮುತ್ತಿನ ಥರ ನಿಲ್ಲುತ್ತೆ. ನೀರು ಹರಡದ ಕಡೆ ಗಮ್ಮೂ ಹರಡಲ್ಲ. ನಮ್ಮ ಲೈನಲ್ಲಿ ಇದನ್ನ ಸರ್ಫೇಸ್ ಎನರ್ಜಿ ಅಂತೀವಿ, ಡೈನ್ ಅನ್ನೋ ಅಳತೇಲಿ ಅಳೀತೀವಿ, ಪಿಪಿ ಪಿಇ ಎರಡೂ 30ರ ಆಸುಪಾಸು, ಪಿವಿಸಿ 39ರ ಹತ್ರ, ಟೆಫ್ಲಾನ್ ಅಂತೂ 20ಕ್ಕಿಂತ ಕೆಳಗೆ. ಅದಕ್ಕೇ ಪಾಲಿಥೀನ್ ಕವರ್ ಮೇಲೆ ಪ್ರಿಂಟ್ ಮಾಡೋಕೂ ಮುಂಚೆ ಕರೋನಾ ಟ್ರೀಟ್‌ಮೆಂಟ್ (ಮೇಲೆ ವಿದ್ಯುತ್ ಕಿಡಿ ಹಾಯಿಸೋದು) ಕೊಟ್ಟು 38ರ ಹತ್ರ ತರ್ತಾರೆ, ಇಲ್ದಿದ್ರೆ ಇಂಕೇ ನಿಲ್ಲಲ್ಲ.

ನಿಮ್ಮ ಡಬ್ಬಕ್ಕೆ ಬೇಕಾಗಿರೋದು ರಬ್ಬರ್ ಬೇಸ್ ಹಾಟ್‌ಮೆಲ್ಟ್ (ತಯಾರಿಸುವಾಗ ಬಿಸಿ ಮಾಡಿ ಕರಗಿಸಿ ಹಚ್ಚಿರೋ) ಗಮ್ಮಿನ ಲೇಬಲ್ಲು, ಒಳಗಡೆ ಇರೋದ್ರಿಂದ ಬಿಸಿಲಿನ ಭಯ ಇಲ್ಲ. ಇಲ್ಲಾಂದ್ರೆ ಇಂಥ ಪ್ಲಾಸ್ಟಿಕ್ಕಿಗೇ ಅಂತ ಮಾಡಿರೋ ಅಕ್ರಿಲಿಕ್ ಗಮ್, ಕೇಳುವಾಗ ಪಿಪಿ ಡಬ್ಬಕ್ಕೆ ಅಂತ ಬಾಯ್ಬಿಟ್ಟು ಹೇಳಿ, ಬರೀ ಪ್ಲಾಸ್ಟಿಕ್ ಅಂದ್ರೆ ಏನೋ ಒಂದು ಕೊಟ್ಬಿಡ್ತಾರೆ. ಹಚ್ಚೋಕೆ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸಾ ಡಬ್ಬದ ಮೇಲೂ ಅಚ್ಚಿನಿಂದ ಬಿಡಿಸೋಕೆ ಹಾಕಿದ ಎಣ್ಣೆಯ ಪಸೆ ಇರಬಹುದು. ಹಚ್ಚಿದ ಮೇಲೆ ಬೆರಳಲ್ಲಿ ಒಂದ್ಸಲ ಸವರಿ ಬಿಡೋದಲ್ಲ, ಮಧ್ಯದಿಂದ ಅಂಚಿಗೆ ಒತ್ತಿ ತಿಕ್ಕಿ. ಮೂಲೆ ಗುಂಡಗೆ ಕತ್ತರಿಸಿರೋ ಲೇಬಲ್ ತಗೊಳ್ಳಿ, ಚೂಪು ಮೂಲೆನೇ ಮೊದ್ಲು ಏಳೋದು.

ಗುಂಡನೆ ಬಾಟಲಿಗೆ ಗಟ್ಟಿ ಪಾಲಿಯೆಸ್ಟರ್ ಲೇಬಲ್ ಹಾಕ್ಬೇಡಿ, ಅದು ನೆಟ್ಟಗಾಗೋಕೆ ಹೋಗಿ ಅಂಚು ಎತ್ತುತ್ತೆ. ಹಿಂಡಿ ಬಳಸೋ ಮೆತ್ತನೆ ಬಾಟಲಿಗೆ ಪಿಇ ಲೇಬಲ್ಲೇ ಸರಿ, ಬಾಟಲಿ ಜೊತೆ ಬಾಗುತ್ತೆ. ಸಣ್ಣ ಕೊಳವೆ, ವೈರು ಇಂಥದಕ್ಕೆ ಪೂರ್ತಿ ಸುತ್ತು ಬಂದು ಲೇಬಲ್ಲಿನ ಬಾಲ ಅದ್ರ ಮೇಲೇ ಅಂಟೋ ಹಾಗೆ ಮಾಡಿ, ವೈರಿಗಿಂತ ತನಗೆ ತಾನೇ ಚೆನ್ನಾಗಿ ಹಿಡ್ಕೊಳ್ಳುತ್ತೆ. ಇನ್ನು ಮೆತ್ತನೆ ಪಿವಿಸಿ, ಅಂದ್ರೆ ರೆಕ್ಸಿನ್, ಪೈಪು, ಮೌಸ್ ಪ್ಯಾಡ್ ಥರದ್ದು, ಅದ್ರಲ್ಲಿ ಮೆತ್ತಗಿರ್ಲಿ ಅಂತ ಹಾಕಿರೋ ಪ್ಲಾಸ್ಟಿಸೈಸರ್ ನಿಧಾನಕ್ಕೆ ಗಮ್ಮಿಗೆ ಇಳಿದು ಅದನ್ನ ಅಂಟುಅಂಟು ಪಾಯಸ ಮಾಡಿಬಿಡುತ್ತೆ, ಮೊದಲ ವಾರ ಎಲ್ಲ ಚೆನ್ನಾಗೇ ಕಾಣ್ಸುತ್ತೆ, ಮೋಸ ಹೋಗ್ಬೇಡಿ.

ಪ್ರಿಂಟಿನ ವಿಷ್ಯ ಚಿಕ್ಕದಾಗಿ. ಬಿಲ್ಲಿನ ಥರದ ಥರ್ಮಲ್ ಪೇಪರ್ ಲೇಬಲ್ಲು ಶಾಖಕ್ಕೆ, ಬೆಳಕಿಗೆ ಕೆಡುತ್ತೆ, ವರ್ಷಗಟ್ಟಲೆ ಇರೋ ಡಬ್ಬಕ್ಕೆ ಬೇಡ. ರಿಬ್ಬನ್ನಿನ ಇಂಕನ್ನ ಬಿಸಿ ಮಾಡಿ ಲೇಬಲ್ಲಿಗೆ ಇಳಿಸೋ ರಿಬ್ಬನ್ ಪ್ರಿಂಟರ್ ಇದ್ರೆ ಪೇಪರಿಗೆ ವ್ಯಾಕ್ಸ್ ರಿಬ್ಬನ್, ಪಾಲಿಯೆಸ್ಟರಿಗೆ ರೆಸಿನ್ ರಿಬ್ಬನ್. ಎಣ್ಣೆ ಕೈ ತಾಗೋ ಕಡೆ ವ್ಯಾಕ್ಸ್ ಪ್ರಿಂಟ್ ಉಜ್ಜಿ ಹೋಗುತ್ತೆ.

ಒಂದು ವಿಷ್ಯ ಹೇಳ್ದೆ ಇರೋಕಾಗಲ್ಲ. 1968ರಲ್ಲಿ 3ಎಂ ಕಂಪನೀಲಿ ಸ್ಪೆನ್ಸರ್ ಸಿಲ್ವರ್ ಅನ್ನೋ ವಿಜ್ಞಾನಿ ಗಟ್ಟಿ ಗಮ್ ಮಾಡೋಕೆ ಹೊರಟು ಸುಲಭವಾಗಿ ಕಿತ್ತು ಬರೋ ಗಮ್ ಮಾಡಿದ್ರು, ಎಷ್ಟೋ ವರ್ಷ ಅದ್ರಿಂದ ಏನು ಮಾಡೋದು ಅಂತ ಯಾರಿಗೂ ಹೊಳೀಲಿಲ್ಲ. ಆಮೇಲೆ ಅಲ್ಲೇ ಕೆಲ್ಸ ಮಾಡ್ತಿದ್ದ ಆರ್ಟ್ ಫ್ರೈಗೆ ಪುಸ್ತಕದೊಳಗೆ ನಿಲ್ಲೋ ಗುರುತಿನ ಚೀಟಿ ಬೇಕಾಗಿ ಅದೇ ಗಮ್ಮು ಪೋಸ್ಟ್-ಇಟ್ ಚೀಟಿ ಆಯ್ತು. ನಿಮ್ಮ ಮಿರರ್ ಫಿನಿಶ್‌ಗೂ ಬೇಕಿರೋದು ಹಂಗೆ ಸುಮ್ನೆ ಬಿಟ್ಟುಕೊಡೋ ಗಮ್ಮೇ.

ಗಾಡಿಗಳಿಗೆ ಸ್ಟಿಕರ್, ಫಿಲ್ಮ್ ಹಾಕೋರು:

ನಮ್ ಕಡೆಯಿಂದ ಸ್ವಲ್ಪ. ಮಡಿಕೆ, ಗುಂಡು, ಆಳದ ತಿರುವು ಇರೋ ಕಡೆ ಕ್ಯಾಲೆಂಡರ್ಡ್ ವಿನೈಲ್ (ವಿನೈಲ್ ಅಂದ್ರೆ ಪಿವಿಸಿ ಸ್ಟಿಕರ್ ಹಾಳೆ) ಹಾಕ್ಬೇಡಿ. ಅದನ್ನ ರೋಲರ್‌ಗಳ ಮಧ್ಯೆ ಒತ್ತಿ ಎಳೆದು ಹಾಳೆ ಮಾಡಿರ್ತಾರೆ, ಕಾಲ ಹೋದ ಹಾಗೆ ಕುಗ್ಗಿ ಅಂಚಲ್ಲಿ ಗಮ್ಮಿನ ಗೆರೆ ಬಿಡುತ್ತೆ. ಕಾಸ್ಟ್ ವಿನೈಲ್‌ನ ದ್ರವವಾಗಿ ಸುರಿದು ಒಣಗಿಸಿರ್ತಾರೆ, ಒಳಗೆ ಎಳೆತ ಇರಲ್ಲ, ಸುಮಾರು 50 ಮೈಕ್ರಾನ್ ಅಷ್ಟೇ ಇದ್ರೂ ತಿರುವಿಗೆ ಚೆನ್ನಾಗಿ ಕೂರುತ್ತೆ. ಸಪಾಟು ಬೋರ್ಡಿಗೆ ಕ್ಯಾಲೆಂಡರ್ಡ್ ಸಾಕು, ಸುಮ್ನೆ ದುಡ್ಡು ಹಾಕ್ಬೇಡಿ. ಪೇಂಟ್ ಕಾಯೋ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಟಿಪಿಯು ಅನ್ನೋ ರಬ್ಬರ್ ಥರ ಹಿಗ್ಗೋ ಪ್ಲಾಸ್ಟಿಕ್ಕಿಂದು, 150ರಿಂದ 200 ಮೈಕ್ರಾನ್, ಅದನ್ನ ಒಣಗಿರೋ ಮೇಲ್ಮೈಗೆ ಹಾಕೋಕೇ ಆಗಲ್ಲ, ಬೇಬಿ ಶಾಂಪೂ ಹನಿ ಹಾಕಿದ ನೀರು ಸ್ಪ್ರೇ ಮಾಡಿ ತೇಲಿಸಿ ಜಾಗಕ್ಕೆ ತಂದು ಸ್ಕ್ವೀಜಿಯಿಂದ ನೀರು ತಳ್ಬೇಕು.

ಅಕ್ರಿಲಿಕ್ ಶೀಟಿಗೆ ಬಂದ್ರೆ, ಅದೂ ಪಾಲಿಕಾರ್ಬೊನೇಟೂ ತೇವ ಹೀರ್ಕೊಂಡಿರ್ತವೆ, ಆಮೇಲೆ ಒಳಗಿಂದ ಗಾಳಿ, ಆವಿ ಬಿಡ್ತವೆ. ಮೇಲೆ ಪಾಲಿಯೆಸ್ಟರ್ ಅಥ್ವಾ ವಿನೈಲ್ ಲೇಬಲ್ ಇದ್ರೆ ಅದು ಸಿಕ್ಕಾಕ್ಕೊಂಡು ಗುಳ್ಳೆ ಏಳುತ್ತೆ, ಹಚ್ಚಿದೋರ ತಪ್ಪು ಅಂತ ಬೈಸ್ಕೊಂಡಿದ್ದೀನಿ ನಾನು. ಹಚ್ಚೋ ಕೈ ಎಷ್ಟೇ ಚೆನ್ನಾಗಿದ್ರೂ ಆ ಗುಳ್ಳೆ ಏಳುತ್ತೆ. ಗಟ್ಟಿ ಗಮ್ಮು ಇರೋ, ಇದಕ್ಕೇ ಅಂತ ಮಾಡಿರೋ ಲೇಬಲ್ ಹಾಕಿ.

ಕೇಳಿದವರು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಾ ಅಂದ್ಕೊಂಡಿರ್ಲಿಲ್ಲ. ಡಬ್ಬ ತಿರುಗಿಸಿ ನೋಡ್ದೆ, ಎಲ್ಲಾ 5. ನೀರಿನ ಹನಿನೂ ಗುಂಡಗೇ ನಿಂತ್ಕೊಳ್ತು. ಈಗ ಗಮ್ ಉಳ್ದಿರೋ ಮಿರರ್ ಶೀಟು ಒಂದಷ್ಟಿವೆ, ಒಂದೆರಡು ಅಕ್ರಿಲಿಕ್ ಶೀಟ್ ಮೇಲೂ ಹಂಗೇ ಆಗಿದೆ. ಥಿನ್ನರ್ ಹಾಕಿ ಒರೆಸ್ಲಾ?

ಶೀಟ್ ಮೆಟಲ್ ಕೆಲ್ಸದವರು:

ಅಕ್ರಿಲಿಕ್ ಹತ್ರ ಥಿನ್ನರ್ ಬಾಟಲಿ ತರ್ಲೇಬೇಡಿ ಅಣ್ಣಾ! ಥಿನ್ನರ್, ಅಸಿಟೋನ್ ಎರಡೂ ಅದನ್ನ ಕರಗಿಸುತ್ತೆ, ಆಲ್ಕೋಹಾಲೂ ಕೂಡ ಕತ್ತರಿಸಿದ ಅಂಚಿನ ಕಡೆ ಕೂದಲೆಳೆ ಥರದ ಬಿರುಕು ಎಬ್ಬಿಸಬಹುದು. ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಸಿಟ್ಟು ಮೆತ್ತನೆ ಬಟ್ಟೇಲಿ ಸವರಿ, ಬರ್ಲಿಲ್ಲ ಅಂದ್ರೆ ಅಡುಗೆ ಎಣ್ಣೆ ಸ್ವಲ್ಪ ಸವರಿ ಅರ್ಧ ಗಂಟೆ ಬಿಟ್ಟು ಮತ್ತೆ ಸೋಪು ನೀರು.

ಸ್ಟೀಲಿಗೆ ಅಷ್ಟು ಭಯ ಇಲ್ಲ. ಉಳ್ದಿರೋ ಗಮ್ ಮೇಲೆ ಅದೇ ಫಿಲ್ಮಿನ ಹೊಸ ತುಂಡು ಒತ್ತಿ ಅಂಟಿಸಿ ಕಿತ್ತು ನೋಡಿ, ಎಷ್ಟೋ ಸಲ ಗಮ್ಮೇ ಗಮ್ಮನ್ನ ಎತ್ಕೊಂಡು ಬರುತ್ತೆ. ಮಿಕ್ಕಿದ್ದಕ್ಕೆ ಐಸೋಪ್ರೊಪೈಲ್ ಹಾಕಿ ಮೈಕ್ರೋಫೈಬರ್ ಬಟ್ಟೇಲಿ ಒಂದೇ ದಿಕ್ಕಿಗೆ ಒರೆಸಿ, ಕಿಟಕಿ ಬಾಗ್ಲು ತೆಗ್ದಿರ್ಲಿ, ಹತ್ರ ಬೆಂಕಿ ಇರಬಾರ್ದು. ಬ್ಲೇಡು, ಸ್ಕ್ರಬ್ಬರ್ ಮುಟ್ಟಲೇಬೇಡಿ. ಇನ್ನೂ ಫಿಲ್ಮ್ ಮೇಲಿದ್ದು ಕೀಳ್ಬೇಕಾದ ಶೀಟಿದ್ರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಮೇಲಕ್ಕೆ ಎತ್ತಿ ಎಳೀಬೇಡಿ, ಹಿಂದಕ್ಕೆ ಮಡಿಚಿ ಶೀಟಿಗೆ ಒರಗಿಸ್ಕೊಂಡೇ ನಿಧಾನಕ್ಕೆ ಎಳೀರಿ.

ಮುಂದಿನ ಸಲ ಪೂರ್ತಿ ರೋಲ್ ತಗೊಳ್ಳೋಕೆ ಮುಂಚೆ ಮೂರ್ನಾಲ್ಕು ಥರದ್ದು ಒಂದೊಂದು ಮೀಟರ್ ಸ್ಯಾಂಪಲ್ ಕೇಳಿ. ನಿಮ್ಮದೇ ಶೀಟಿನ ತುಂಡುಗಳಿಗೆ ಹಚ್ಚಿ, ಒಂದನ್ನ ನೆರಳಲ್ಲಿ ಒಂದನ್ನ ಬಿಸಿಲಲ್ಲಿ ಇಟ್ಟು, ಒಂದು ದಿನಕ್ಕೆ ಸ್ವಲ್ಪ, ಒಂದು ವಾರಕ್ಕೆ ಸ್ವಲ್ಪ, ಒಂದು ತಿಂಗಳಿಗೆ ಸ್ವಲ್ಪ ಅಂತ ಕಿತ್ತು ನೋಡಿ. ಹಳೇ ಸ್ಟಾಕ್ ರೋಲು ತಗೋಬೇಡಿ, ತಯಾರಾದ ದಿನ ನೋಡಿ, ಫಿಲ್ಮು ಸಾಮಾನ್ಯವಾಗಿ ಆರು ತಿಂಗ್ಳಿಂದ ಒಂದು ವರ್ಷದೊಳಗೆ ಬಳಸಿ ಮುಗಿಸೋದು. ಹಚ್ಚಿದ ತಾರೀಖು, ರೋಲಿನ ಹೆಸ್ರು ಆ ತುಂಡಿನ ಹಿಂಬದೀಲಿ ಮಾರ್ಕರಲ್ಲಿ ಬರೆದಿಡಿ, ತಿಂಗ್ಳಾದ್ಮೇಲೆ ಯಾವ್ದು ಯಾವ್ದು ಅಂತ ಖಂಡಿತ ಮರ್ತೋಗುತ್ತೆ.